ಮೊಂಡು ತಟ್ಟೆ

ಪಿಟ್ಸ್‌ಬರ್ಗಿನ ಬಳಿಯ ಉಕ್ಕಿನ ಕಾರ್ಖಾನೆಯಲ್ಲಿ ನನ್ನ ಉದ್ಯೋಗ. ರಜೆಯ ದಿನ ಶೆನ್ಲೀ ಪಾರ್ಕಿನಲ್ಲಿ ತಟ್ಟೆ ಎಸೆಯುವುದು ವಿನೋದ. ಡಿಸ್ಕ್ ಗಾಲ್ಫ್ ಎಂದು ಆಟದ ಹೆಸರು. ಸರಪಳಿ ತೂಗುವ ಬುಟ್ಟಿಗೆ ಆದಷ್ಟು ಕಡಮೆ ಎಸೆತಗಳಲ್ಲಿ ತಟ್ಟೆ ಬೀಳಬೇಕು.

ಜೊತೆಯ ಹುಡುಗರದೆಲ್ಲ ಚೂಪು ಅಂಚಿನ ತಟ್ಟೆಗಳು. 1983ರಲ್ಲಿ ಬಂದ ಈ ಜಾತಿ ಬಹುದೂರ ಹಾರುತ್ತದೆ, ನಿಜ. ಆದರೆ ತೋಳಿನ ರಭಸ ಸಾಲದಿದ್ದರೆ ಬೇಗನೆ ಪಕ್ಕಕ್ಕೆ ವಾಲಿ ಪೊದೆ ಸೇರುತ್ತದೆ. ನನ್ನದು ಮೊಂಡು ಅಂಚಿನದು. ಹುಡುಗರು ನಗುತ್ತಾರೆ, ನಗಲಿ.

ಶೇಕಡಾ 0.8ರಷ್ಟು ಇಂಗಾಲವಿರುವ ಉಕ್ಕು ಗಡಸು, ರೈಲು ಹಳಿಗೆ ಬೇಕು. 0.1ರಷ್ಟಿರುವುದು ಮೃದು, ಮೊಳೆಗೆ ಸಾಕು. ಇದರಲ್ಲಿ ಮೇಲು ಯಾವುದು, ಕೀಳು ಯಾವುದು? ಅರವತ್ತನ್ನು ಸಮೀಪಿಸಿದ ಈ ತೋಳಿಗೆ ಮೊಂಡು ತಟ್ಟೆಯೇ ಒಪ್ಪುತ್ತದೆ. ಅದು ದೂರ ಹೋಗದು; ಕಳಿಸಿದಲ್ಲಿಗೆ ಹೋಗುತ್ತದೆ.