ಬಂಗಾರದ ಮೀನು ಮತ್ತು ಎರಡು ಕೊಡ ನೀರು

ಗೋಲ್ಡ್ ಫಿಶ್ ಅಂದ ಕೂಡಲೇ ನಮ್ಮ ಕಾಲೇಜಿನ ಮಂದಿಗೆ ನೆನಪಾಗೋದು ಹಾಸ್ಟೆಲ್ ಟೇಬಲ್ ಮೇಲಿನ ಗಾಜಿನ ಬೋಗುಣಿ. ಬರ್ತ್‌ಡೇಗೆ ಯಾರೋ ಕೊಟ್ಟಿದ್ದು. ಎರಡು ವಾರಕ್ಕೆ ಮೀನು ಮಾಯ. ಆಮೇಲೆ "ಗೋಲ್ಡ್ ಫಿಶ್ ಬಾಳ ಸೂಕ್ಷ್ಮ ಬಿಡಪಾ" ಅನ್ನೋ ತೀರ್ಮಾನ. ನಿಜ ಹೇಳಬೇಕಂದ್ರೆ ಅದು ಗಟ್ಟಿ ಜೀವ. ಸರಿಯಾದ ನೀರಿದ್ದರೆ ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಅದನ್ನು ಕೊಲ್ಲೋದು ಬೋಗುಣಿ. ನಾವು, ಅಂದ್ರೆ ಅಕ್ಕ-ತಮ್ಮ ಇಬ್ಬರು (ಒಬ್ಬಳು ಸಿವಿಲ್, ಒಬ್ಬ ಇಲೆಕ್ಟ್ರಿಕಲ್), ಇದನ್ನು ಧೈರ್ಯವಾಗಿ ಹೇಳಲು ಕಾರಣ ಯಲವಿಗಿಯ ನಮ್ಮ ಮನೆ ಹಿತ್ತಲಲ್ಲಿರುವ ಒಂದು ಹಳೇ ತೊಟ್ಟಿ.

ಯಲವಿಗಿ ಗೊತ್ತಿಲ್ಲದವರಿಗೆ: ಹಾವೇರಿ ಜಿಲ್ಲೆ, ಸವಣೂರು ತಾಲೂಕು. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗೋ ರೈಲು ದಾರಿಯಲ್ಲಿ ಬರೋ ಒಂದು ಸ್ಟೇಷನ್. ನಮ್ಮ ಅಜ್ಜ ಎತ್ತುಗಳಿಗೆ ನೀರು ಕೂಡಿಡಲು ಕಟ್ಟಿಸಿದ ತೊಟ್ಟಿ ಅದು. ಎಂಟು ಅಡಿ ಉದ್ದ, ಐದು ಅಡಿ ಅಗಲ, ಮೂರು ಅಡಿ ಆಳ, ಅರ್ಧ ನೆಲದೊಳಗೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದರು, ತೊಟ್ಟಿ ಖಾಲಿ ಬಿತ್ತು. ಎರಡೂವರೆ ಅಡಿ ತುಂಬಿಸಿದರೆ ಸುಮಾರು 2,800 ಲೀಟರ್ ಹಿಡಿಯುತ್ತೆ. ಅದರಲ್ಲಿ ನಾವು ಬಿಟ್ಟಿದ್ದು ಬರೀ ಆರು ಮೀನು.

ಹಳೇ ತೊಟ್ಟಿಯ ದೊಡ್ಡ ಲಾಭ ಅಂದ್ರೆ ಅದರ ಸಿಮೆಂಟು ಬಿಡೋ ಸುಣ್ಣವೆಲ್ಲ ಯಾವಾಗಲೋ ಬಿಟ್ಟಾಗಿರುತ್ತೆ. ಹೊಸ ತೊಟ್ಟಿಯಾದರೆ ನೀರಿನ ಪಿ.ಎಚ್. ಮೀನು ತಾಳದಷ್ಟು ಏರುತ್ತೆ. ಹಲವು ಸಲ ನೀರು ತುಂಬಿ, ದಿನಗಟ್ಟಲೆ ಬಿಟ್ಟು, ಚೆಲ್ಲಬೇಕು.

ಇನ್ನು ಮೀನಿನ ಆಯ್ಕೆ. ಬಯಲಿನ ತೊಟ್ಟಿಗೆ ಎಲ್ಲಾ ಜಾತಿ ಒಗ್ಗೋದಿಲ್ಲ. ಕಣ್ಣ ಕೆಳಗೆ ನೀರಿನ ಚೀಲ ತೂಗುವ ಬಬಲ್ ಐ, ಬೆನ್ನ ರೆಕ್ಕೆಯೇ ಇಲ್ಲದ ರಾಂಚು ಇವೆಲ್ಲ ನಾಜೂಕು. ಬೀಸಣಿಗೆಯಂಥ ಜೋಡಿ ಬಾಲದ ಫ್ಯಾನ್‌ಟೇಲ್ ಗಟ್ಟಿ. ಬೆನ್ನು ಎತ್ತರದ ರ್‍ಯುಕಿನ್, ಕರೀ ಮೈಯ ಬ್ಲ್ಯಾಕ್ ಮೂರ್ ಕೂಡ ಹೊಂದಿಕೊಳ್ಳುತ್ತವೆ. ನಾವು ತಂದಿದ್ದು ನಾಲ್ಕು ಫ್ಯಾನ್‌ಟೇಲ್, ಎರಡು ಬ್ಲ್ಯಾಕ್ ಮೂರ್. ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ. ಚೀನಾದಲ್ಲಿ ಸಾವಿರ ವರ್ಷದ ಹಿಂದೆ ಇವನ್ನು ಸಾಕಲು ಶುರು ಮಾಡಿದಾಗ ಗಾಜಿನ ಅಕ್ವೇರಿಯಂ ಎಲ್ಲಿತ್ತು? ಕೊಳ, ಮಣ್ಣಿನ ಪಾತ್ರೆಗಳಲ್ಲಿ ಮೇಲಿನಿಂದ ಬಗ್ಗಿ ನೋಡೋದೇ ರೂಢಿ. ಹೀಗಾಗಿ ಆ ಹರವಿದ ಬಾಲದ ಚೆಂದ ತೊಟ್ಟಿಯಲ್ಲೇ ಸರಿಯಾಗಿ ಕಾಣುತ್ತೆ.

ಎಂಜಿನಿಯರಿಂಗ್ ಓದೋರಿಗೆ ಒಂದು ಲೆಕ್ಕ. ಮೀನು ಹೊರಬಿಡೋದು ಅಮೋನಿಯ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತೆ. ಮೊದಲೆರಡು ವಿಷ, ಮೂರನೆಯದು ಗಿಡಕ್ಕೆ ಗೊಬ್ಬರ. ತೊಟ್ಟಿಯ ಗೋಡೆ ಮೇಲಿನ ಲೋಳೆಯನ್ನು ತಿಕ್ಕಿ ತೊಳೆಯಬಾರದು ಅನ್ನೋದು ಇದಕ್ಕೇ, ಬ್ಯಾಕ್ಟೀರಿಯಾ ಇರೋದು ಅಲ್ಲೇ. ಬೋಗುಣಿಯಲ್ಲಿ ಈ ಸಂಸಾರ ಬೆಳೆಯೋಕೆ ಜಾಗವೂ ಇಲ್ಲ, ಕಾಲವೂ ಇಲ್ಲ. ನಮ್ಮ ಬೋರಿನ ನೀರು ಗಡಸು. ಗೋಲ್ಡ್ ಫಿಶ್‌ಗೆ ಗಡಸು ನೀರು ಒಗ್ಗುತ್ತೆ. ಆದರೆ ಪಿ.ಎಚ್. 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷದ ಭಾಗ ಸುಮಾರು ಹತ್ತು ಪಟ್ಟಾಗುತ್ತೆ. ಅದಕ್ಕೇ ಇಷ್ಟು ನೀರಿಗೆ ಆರೇ ಮೀನು, ಐದು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ ಕಾಳು.

ಚಳಿ ನಮ್ಮ ಕಡೆ ಈ ಮೀನಿಗೆ ತೊಂದರೆಯೇ ಅಲ್ಲ. ಹಿಮ ಬೀಳೋ ದೇಶಗಳಲ್ಲಿ ಮಂಜುಗಡ್ಡೆ ಕಟ್ಟಿದ ಕೊಳದ ಕೆಳಗೂ ಬದುಕುತ್ತೆ. ನಮ್ಮಲ್ಲಿ ಪರೀಕ್ಷೆ ಬೇಸಿಗೆಯದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು ಸುಮಾರು 7.5 ಮಾತ್ರ. ಪಾಚಿ ಹಗಲೆಲ್ಲ ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಬಳಸುತ್ತೆ. ಬೆಳಗಿನ ಜಾವಕ್ಕೆ ನೀರಲ್ಲಿ ಉಳಿಯೋದು ಅತಿ ಕಡಿಮೆ.

2024ರ ಏಪ್ರಿಲ್‌ನ ಒಂದು ರಾತ್ರಿ ಊರಲ್ಲಿ ಕರೆಂಟ್ ಹೋಗಿ ಗಾಳಿ ಪಂಪು ನಿಂತಿತು. ನಾವಿಬ್ಬರೂ ಹಾಸ್ಟೆಲ್‌ನಲ್ಲಿ. ಬೆಳಿಗ್ಗೆ ಐದಕ್ಕೆ ಅವ್ವನ ಫೋನು: "ಎಲ್ಲಾ ಬಾಯಿ ತಕ್ಕೊಂಡು ಮ್ಯಾಲೆ ನಿಂತಾವು, ಏನ್ ಮಾಡ್ಲಿ?"

"ಅವ್ವಾ, ತೊಟ್ಟಿ ನೀರನ್ನೇ ಕೊಡದಾಗ ತುಂಬಕೊಂಡು ಎತ್ತರದಿಂದ ಸುರುವು. ಕರೆಂಟ್ ಬರೂತನಕ ಬಿಡಬ್ಯಾಡ."

ಒಂದು ತಾಸು ಸುರುವಿದಳು. ಐದು ಉಳಿದವು, ಒಂದು ಬ್ಲ್ಯಾಕ್ ಮೂರ್ ಹೋಯಿತು. ಅವತ್ತು ಅವ್ವ ಮೀನಿನ ಮಾತು ಹೆಚ್ಚು ಆಡಲಿಲ್ಲ. "ರಟ್ಟಿ ನೋಯ್ತಾವು" ಅಂತಷ್ಟೇ ಹೇಳಿದಳು.

ಅದೇ ಬೇಸಿಗೆಯಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಎದುರಾಯಿತು. 2023ರ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರಕಾರ ಘೋಷಿಸಿತ್ತು. ನಳದ ನೀರು ವಾರಕ್ಕೊಮ್ಮೆ. ಪಕ್ಕದ ಮನೆ ಆಯಿ ತೊಟ್ಟಿ ನೋಡಿ ಕೇಳಿದರು: "ಮಂದಿಗೆ ಕುಡ್ಯಾಕ ನೀರಿಲ್ಲ, ನಿಮ್ಮ ಮೀನಿಗೆ ಈಸಾಡಾಕ ಬೇಕೇನ್ರವಾ?"

ನ್ಯಾಯದ ಪ್ರಶ್ನೆ. ನಗೆಯಾಡಿ ತೇಲಿಸೋ ಹಾಗಿರಲಿಲ್ಲ. ರಜೆಗೆ ಬಂದಾಗ ತೊಟ್ಟಿಯ ಗೋಡೆಗೆ ಗೆರೆ ಎಳೆದು ಅಳೆದೆವು. ಬಿಸಿಲಿಗೆ ದಿನಕ್ಕೆ 7 ಮಿಲಿಮೀಟರ್ ನೀರು ಇಳಿಯುತ್ತಿತ್ತು, ಅಂದ್ರೆ ಸುಮಾರು 26 ಲೀಟರ್, ಎರಡು ಕೊಡ. ಅರ್ಧ ತೊಟ್ಟಿಗೆ ತೆಂಗಿನ ಗರಿಯ ಚಪ್ಪರ ಹಾಕಿದ ಮೇಲೆ ಒಂದು ಕೊಡಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೀನಿನ ನಿಜವಾದ ಖರ್ಚು ಇದೊಂದೇ. ವಾರಕ್ಕೊಮ್ಮೆ ಬದಲಿಸೋ 280 ಲೀಟರ್ ಖರ್ಚಲ್ಲ. ಕರಿಬೇವು, ನುಗ್ಗೆ, ಬಾಳೆ, ಮಲ್ಲಿಗೆಗೆ ಅವ್ವ ಮೊದಲಿಂದಲೂ ಹಾಕುತ್ತಿದ್ದ ನೀರೇ ಅದು. ಈಗ ತೊಟ್ಟಿಯಲ್ಲಿ ಒಂದು ವಾರ ತಂಗಿ, ಗೊಬ್ಬರ ಕಟ್ಟಿಕೊಂಡು ಗಿಡಕ್ಕೆ ಹೋಗುತ್ತೆ.

ಆಗ ಮನೆಯಲ್ಲಿ ಒಂದು ನಿಯಮ ಮಾಡಿದೆವು: ಮೀನಿಗೆಂದೇ ಬೇರೆ ನೀರಿಲ್ಲ. ಗಿಡಕ್ಕೆ ಹೋಗೋ ನೀರು ಮೀನನ್ನು ದಾಟಿ ಹೋಗಬೇಕು. ಗಿಡಕ್ಕೂ ನೀರಿಲ್ಲದ ದಿನ ಬಂದರೆ ತೊಟ್ಟಿ ಖಾಲಿ ಮಾಡಿ, ಮೀನುಗಳನ್ನು ಹೊಲದ ಮನೆಯಲ್ಲಿ ಕಾಕಾನ ಸಿಮೆಂಟ್ ಟಾಕಿಗೆ ಒಯ್ಯಬೇಕು. ಕಾಕಾ ಒಪ್ಪಿದ್ದರು. ಮೇ ತಿಂಗಳಲ್ಲಿ ಅಡ್ಡಮಳೆ ಬಂತು, ಒಯ್ಯೋ ಪ್ರಸಂಗ ಬರಲಿಲ್ಲ. ಆಯಿಗೆ ಈ ಲೆಕ್ಕವನ್ನೆಲ್ಲ ಹೇಳಿದೆವು. "ಹಂಗಾರ ಒಂದು ಕೊಡ ಆ ನೀರು ನಮ್ಮ ಮಲ್ಲಿಗಿಗೂ ಹಾಕ್ರಿ" ಅಂದರು. ಈಗ ಪ್ರತಿ ರವಿವಾರ ಒಂದು ಕೊಡ ಅವರ ಹಿತ್ತಲಿಗೆ ಹೋಗುತ್ತೆ.

ಆ ಬರದಲ್ಲಿ "ಕೆರಿಗೆ ಬಿಟ್ಟ ಬಿಡ್ರಿ, ಪುಣ್ಯ ಬರತೈತಿ" ಅಂದವರೂ ಇದ್ದರು. ಇದು ಮಾತ್ರ ಬೇಡ. ಬಾಲದ ಭಾರಕ್ಕೆ ಓಡಲಾಗದ ಮೀನು ಕೊಕ್ಕರೆಗೆ ತುತ್ತಾಗುತ್ತೆ. ಬದುಕಿದರೆ ಇನ್ನೂ ಕಷ್ಟ, ತಳದ ಮಣ್ಣು ಕೆದಕಿ ನೀರು ರಾಡಿ ಮಾಡುತ್ತೆ, ಸ್ಥಳೀಯ ಮೀನಿನ ಪಾಲು ತಿನ್ನುತ್ತೆ. 2021ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಬರ್ನ್ಸ್‌ವಿಲ್ ಊರಿನ ಒಂದು ಕೆರೆಯಲ್ಲಿ ಹೀಗೆ ಬಿಟ್ಟ ಗೋಲ್ಡ್ ಫಿಶ್‌ಗಳು ಫುಟ್‌ಬಾಲ್ ಗಾತ್ರಕ್ಕೆ ಬೆಳೆದು ಸಿಕ್ಕಿದ್ದವು. ದಯವಿಟ್ಟು ಕೆರೆಗೆ ಬಿಡಬೇಡಿ ಅಂತ ಆ ನಗರಾಡಳಿತವೇ ಜನರನ್ನು ಕೇಳಿಕೊಂಡಿತು.

ಹಾಸ್ಟೆಲ್‌ನಲ್ಲಿ ಬೋಗುಣಿ ಇಟ್ಟ ಗೆಳೆಯರಿಗೆ ನಮ್ಮ ಮಾತು ಇಷ್ಟೇ: ಸೆಮಿಸ್ಟರ್ ಮುಗಿದು ಊರಿಗೆ ಹೋಗುವಾಗ ಮೀನನ್ನು ಕ್ಯಾಂಪಸ್ ಕೆರೆಗೆ ಸುರಿಯಬೇಡಿ. ಊರಲ್ಲಿ ಖಾಲಿ ತೊಟ್ಟಿ ಇರೋ ಗೆಳೆಯ ಒಬ್ಬನಾದರೂ ನಿಮ್ಮ ಬ್ಯಾಚಿನಲ್ಲಿ ಇದ್ದೇ ಇರ್ತಾನೆ, ಅವನಿಗೆ ಕೊಡಿ. ಜೊತೆಗೆ ಅವನ ಅವ್ವನ ಕೈಗೊಂದು ಬ್ಯಾಟರಿ ಪಂಪು ಕೊಡೋದನ್ನೂ ಮರೀಬೇಡಿ. ಬೆಳಗಿನ ಐದಕ್ಕೆ ಏಳೋದು ಅವರೇ.