ಬೀಡಿನ ಕಾವಲಿಯ ಪರವಾಗಿ
ಡೊಂಬಿವಲಿಯ ಕನ್ನಡ ಮನೆಗಳಲ್ಲಿ ದೋಸೆಯ ಮಾತು ಹಿಟ್ಟನ್ನು ಬಿಟ್ಟು ಆಚೆ ಹೋಗುವುದೇ ಅಪರೂಪ: ಅಕ್ಕಿ ಯಾವುದು, ಉದ್ದು ಎಷ್ಟು, ಹುಳಿ ಬಂತೋ ಇಲ್ಲವೋ. ನನ್ನ ವಕಾಲತ್ತು ಕಾವಲಿಯದು. ಕಲ್ಯಾಣ, ಠಾಣೆಯ ಪಾತ್ರೆ ಅಂಗಡಿಗಳಲ್ಲಿ ‘ಬಿಡಾಚಾ ತವಾ’ ಎಂದು ಕೇಳಿ ತರುವ ಬೀಡಿನ ಕಾವಲಿಯಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಇಂಗಾಲ. ಎರಕ ಆರುವಾಗ ಅದರ ಬಹುಪಾಲು ಗ್ರಾಫೈಟ್ ಚಕ್ಕೆಗಳಾಗಿ ಒಡಮೂಡುತ್ತದೆ. ಬೀಡು ಮುರಿದಾಗ ಕಾಣುವ ಬೂದು ಬಣ್ಣ ಅದರದೇ. ಆ ಚಕ್ಕೆಯ ಒಂದೊಂದು ಪದರವೂ ಗ್ರಾಫೀನ್. ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಸುಲಿದು 2004ರಲ್ಲಿ ಲೋಕಕ್ಕೆ ತೋರಿಸಿದ, 2010ರಲ್ಲಿ ಅವರಿಗೆ ನೊಬೆಲ್ ತಂದ ಹಾಳೆ ಇದೇ. ಶಾಖ ಸಾಗಿಸುವುದರಲ್ಲಿ ತಾಮ್ರವನ್ನು ಹಲವು ಪಟ್ಟು ಮೀರಿಸುತ್ತದೆ. ಆದರೆ ಒಳ್ಳೆಯ ವಸ್ತು ಒಳಗಿದ್ದ ಮಾತ್ರಕ್ಕೆ ಶಾಖ ಹರಿಯದು, ಅದು ಒಳಗೆ ಹೇಗೆ ಕೂಡಿಕೊಂಡಿದೆ ಎನ್ನುವುದೂ ಅಷ್ಟೇ ಮುಖ್ಯ.

ಗ್ರಾಫೀನನ್ನೇ ನೋಡಿ. ತಾಮ್ರದ ಹಾಳೆಯ ಮೇಲೆ ಬೆಳೆಸಿದ ಗ್ರಾಫೀನ್ ಸಾಮಾನ್ಯವಾಗಿ ಹಲವು ಹರಳುಗಳು ಕೂಡಿ ಆದದ್ದು. ಹರಳುಗಳು ಸೇರುವ ಅಂಚಿನಲ್ಲಿ ಆರು ಮೂಲೆಯ ಮನೆಗಳ ಸಾಲು ಕೆಟ್ಟು ಐದು, ಏಳು ಮೂಲೆಯವು ಹುಟ್ಟುತ್ತವೆ. ಶಾಖ ಹೊತ್ತ ಅಣುಕಂಪನ ಅಲ್ಲಿ ಚದುರುತ್ತದೆ. ಡೊಂಬಿವಲಿಯಿಂದ ವಾಶಿಗೆ ಹೋಗುವವರು ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯುತ್ತಾರಲ್ಲ, ಎರಡೂ ಗಾಡಿ ಎಷ್ಟೇ ವೇಗವಾಗಿರಲಿ, ಹೊತ್ತು ಹೋಗುವುದು ನಡುವಿನ ನೂಕುನುಗ್ಗಲಿನಲ್ಲಿ. ಅಂಚು ಅಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಕಂಪನ ಚದುರದೆ ಸಾಗುವ ದೂರ ಸಾಮಾನ್ಯ ಉಷ್ಣತೆಯಲ್ಲಿ ಒಂದು ಮೈಕ್ರಾನಿನ ಆಸುಪಾಸು. ಹರಳು ಅದಕ್ಕಿಂತ ಬಹಳ ದೊಡ್ಡದಿದ್ದರೆ ಅಂಚನ್ನು ಮರೆಯಬಹುದು, ನಿಜ. ಹರಳು ಚಿಕ್ಕದಾದರೆ ಹಾಗಲ್ಲ: ಒಮ್ಮೆ ಗಾಡಿ ಬದಲಿಸುವುದು ಬೇರೆ, ನಿಲ್ದಾಣ ನಿಲ್ದಾಣಕ್ಕೂ ಬದಲಿಸುವುದು ಬೇರೆ. ಕೂಡಿಕೊಂಡ ಬಗೆ ಮುಖ್ಯ ಎನ್ನುವುದಕ್ಕೆ ಬೀಡಿನಲ್ಲಿ ಇನ್ನೂ ಸರಳ ಪುರಾವೆ ಇದೆ. ಕರಗಿದ ಬೀಡಿಗೆ ತುಸು ಮೆಗ್ನೀಸಿಯಂ ಬೆರೆಸಿದರೆ ಗ್ರಾಫೈಟ್ ಚಕ್ಕೆಯಾಗದೆ ಬಿಡಿ ಬಿಡಿ ಗುಂಡುಗಳಾಗುತ್ತದೆ. ಇಂಗಾಲ ಹೆಚ್ಚುಕಡಿಮೆ ಅಷ್ಟೇ, ಲೋಹ ಮೊದಲಿಗಿಂತ ಗಟ್ಟಿಮುಟ್ಟು. ಆದರೆ ಒಂದಕ್ಕೊಂದು ತಾಗಿಕೊಂಡ ಚಕ್ಕೆಗಳ ದಾರಿ ತಪ್ಪಿದ್ದರಿಂದ ಶಾಖ ಸಾಗುವುದು ಕಡಿಮೆ.

ಅಲ್ಯೂಮಿನಿಯಂ ಬೀಡಿಗಿಂತ ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದಲ್ಲ, ನಾನ್‌ಸ್ಟಿಕ್ ತವಾ ಸಾಲದೇ? ಶಾಖದ ಓಟದಲ್ಲಿ ಅದೇ ಮುಂದೆ, ತಕರಾರಿಲ್ಲ. ಆದರೆ ತಣ್ಣನೆಯ ಹಿಟ್ಟು ಬಿದ್ದ ಗಳಿಗೆಯಲ್ಲಿ ಬೇಕಾದದ್ದು ದಪ್ಪ ಬೀಡು ಕೂಡಿಟ್ಟ ಶಾಖ; ಖರ್ಚಾದದ್ದನ್ನು ಮುಂದಿನ ದೋಸೆಯ ಹೊತ್ತಿಗೆ ತುಂಬಿಕೊಡುವುದಕ್ಕೆ ಚಕ್ಕೆಗಳ ದಾರಿ. ಕಾವಲಿಯ ಅಂಚಿಗೆ ಕಾವು ತಡವಾಗಿ ತಲುಪುತ್ತದೆ ಎಂಬ ದೂರು ಮಾತ್ರ ಉಳಿಯುತ್ತದೆ. ಉಡುಪಿ ಹೋಟೆಲಿನ ಉದ್ದ ಕಾವಲಿಗಾದರೆ ಕೆಳಗೆ ಸಾಲು ಬರ್ನರುಗಳಿವೆ. ಮನೆಯಲ್ಲಿ ಕಾವಲಿಯನ್ನು ಆಗಾಗ ಪಕ್ಕಕ್ಕೆ ಸರಿಸಿ, ಸಣ್ಣ ಉರಿಯಲ್ಲಿ ಕಾಯಿಸಿ, ನೀರು ಚಿಮುಕಿಸಿದಾಗ ಅಂಚೂ ‘ಚುಂಯ್’ ಎಂದ ಮೇಲೆ ಮೊದಲ ಸೌಟು ಹುಯ್ಯಬೇಕು.