ಕೌದಿಯ ಚೌಕಕ್ಕಾಗಿ ಚಿಕ್ಕಪೇಟೆಗೆ

ಒಂದು ಗೇಣಗಲದ ಅರಿವೆಯ ತುಂಡನ್ನು ಕೈಚೀಲದಲ್ಲಿಟ್ಟುಕೊಂಡು, ಅದೊಂದರ ಸಲುವಾಗಿಯೇ ನಾನು ಧಾರವಾಡದಿಂದ ಬೆಂಗಳೂರಿಗೆ ರಾತ್ರಿಯ ರೈಲಿನಲ್ಲಿ ಪಯಣ ಮಾಡಿದೆನೆಂದರೆ ಓದುಗ ಸೋದರಿಯರು ನಕ್ಕಾರು. ನನ್ನ ತಂಗಿಯೂ ನಕ್ಕಳು. ಆದರೆ ಆ ತುಂಡು ನಮ್ಮ ಅವ್ವನ ಹಬ್ಬದ ಇಳಕಲ್ ಸೀರೆಯದೆಂಬುದು ನೆನಪಾದೊಡನೆ ಅವಳ ನಗೆಯು ಅಲ್ಲಿಗೇ ನಿಂತಿತು.

ಅವ್ವನು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಉಳಿದವು ಕೆಲವು ಸೀರೆಗಳು. ಅವುಗಳಲ್ಲಿ ಗಿರಿಕುಂಕುಮ ಬಣ್ಣದ ಇದೊಂದನ್ನು ನನ್ನ ಮೊಮ್ಮಗುವಿಗೆ ಕೌದಿಯಾಗಿ ಹೊಲಿಯಬೇಕೆಂದು ನಾವಿಬ್ಬರೂ ಕೂಡಿ ನಿಶ್ಚಯಿಸಿದೆವು. ಹನ್ನೆರಡು ಚೌಕಗಳು, ಒಂದೊಂದರಲ್ಲಿಯೂ ಅವ್ವನು ತನ್ನ ಕೈಯಿಂದ ಹಾಕುತ್ತಿದ್ದ ಕಸೂತಿಯ ಒಂದೊಂದು ಚಿತ್ರ: ಗೋಪುರ, ರಥ, ಆನೆ, ತುಳಸೀಕಟ್ಟೆ, ಪಲ್ಲಕ್ಕಿ. ನಟ್ಟನಡುವೆ ಒಂದು ನವಿಲು. ಕಸೂತಿಯೆಂದರೆ ಎಳೆ ಎಣಿಸಿ ಹಾಕುವ ಕೆಲಸ. ಗಂಟಿಲ್ಲದೆ, ಒಳಮೈ ಹೊರಮೈ ಎರಡೂ ಒಂದೇ ಸಮನಾಗಿ ಬರಬೇಕು. ನನ್ನ ಬೆರಳುಗಳ ಕೀಲುಗಳು ಈಗ ಆ ಎಣಿಕೆಯನ್ನು ಒಪ್ಪುವುದಿಲ್ಲ. ಆದಕಾರಣ ಮಗಳು ಕೊಡಿಸಿದ ಕಸೂತಿ ಯಂತ್ರವನ್ನೇ ಆಶ್ರಯಿಸಬೇಕಾಯಿತು.

ಮೊದಲನೆಯ ಚೌಕವೇ ಕೆಟ್ಟಿತು. ನಾನು ಆತುರಪಟ್ಟು ನವಿಲಿನಿಂದಲೇ ಆರಂಭಿಸಿದ್ದೆನು. ರೇಖೆಯ ಚಿತ್ರವಲ್ಲ, ಮೈತುಂಬ ದಾರ ತುಂಬಿದ ನವಿಲು. ಊರಿನ ಅಂಗಡಿಯೊಂದರಲ್ಲಿ 'ಎಲ್ಲದಕ್ಕೂ ಇದೇ ಸಾಕು' ಎಂದು ಕೊಟ್ಟ ತೆಳುಗಾಗದದಂತಹ ಅಡಿಹಾಸನ್ನು ಕೆಳಗಿಟ್ಟು ಯಂತ್ರವನ್ನು ಓಡಿಸಿದೆನು. ಅರ್ಧ ಗಂಟೆಯ ತರುವಾಯ ಚೌಕಟ್ಟಿನಿಂದ ಬಿಡಿಸಿ ನೋಡಿದರೆ, ನವಿಲಿನ ಸುತ್ತಲೂ ಬಟ್ಟೆಯು ಒಣಗಿದ ನೆಲ್ಲಿಕಾಯಿಯಂತೆ ಸುಕ್ಕುಗಟ್ಟಿತ್ತು. ಹೊರಗೆರೆಯು ಒಡಲಿನಿಂದ ಜಾರಿ ದೂರ ನಿಂತಿತ್ತು. ಇಸ್ತ್ರಿಯಿಂದ ತೀಡಿದೆನು, ನೀರು ಚಿಮುಕಿಸಿದೆನು, ಯಾವುದೂ ಫಲಿಸಲಿಲ್ಲ. ಇನ್ನು ಉಳಿದ ಸೀರೆಯಲ್ಲಿ ಲೆಕ್ಕ ಹಾಕಿದರೆ ಹನ್ನೆರಡು ಚೌಕಗಳಿಗೆ ಸರಿಯಾಗಿ ಬಟ್ಟೆಯಿತ್ತು, ಹದಿಮೂರನೆಯದಕ್ಕೆ ಇರಲಿಲ್ಲ. ಇನ್ನೊಮ್ಮೆ ತಪ್ಪುವ ಹಾಗಿರಲಿಲ್ಲವೆಂದಾಯಿತು.

ಬೆಳಗಾಗುತ್ತಲೇ ಬೆಂಗಳೂರು ತಲುಪಿದೆನು. ಮೆಜೆಸ್ಟಿಕ್ಕಿನ ನೆಲದಡಿಯ ನಿಲ್ದಾಣದಿಂದ ಚಿಕ್ಕಪೇಟೆಗೆ ಮೆಟ್ರೋ ರೈಲಿನಲ್ಲಿ ಒಂದೇ ನಿಲ್ದಾಣದ ಹಾದಿ. ೨೦೧೭ರಲ್ಲಿ ಈ ಸುರಂಗಮಾರ್ಗವು ತೆರೆದ ಮೇಲೆ, ಪೇಟೆಯ ಜನಸಂದಣಿಯನ್ನು ಬಳಸಿಕೊಂಡು ಆಟೋರಿಕ್ಷಾದಲ್ಲಿ ಪಡುತ್ತಿದ್ದ ಪ್ರಯಾಸವು ಬಹುಮಟ್ಟಿಗೆ ತಪ್ಪಿದೆ. ಮೆಟ್ಟಿಲೇರಿ ಮೇಲೆ ಬಂದರೆ ಬೇರೊಂದು ಶತಮಾನಕ್ಕೆ ಕಾಲಿಟ್ಟ ಹಾಗೆ. ೧೫೩೭ರಲ್ಲಿ ಕೆಂಪೇಗೌಡನು ಈ ಪೇಟೆಯನ್ನು ಕಟ್ಟಿಸುವಾಗ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತುಗಳನ್ನು ಹೂಡಿಸಿ ಬೀದಿಗಳನ್ನು ಗುರುತಿಸಿದನೆಂದು ಹೇಳುವರು. ಆ ಅಡ್ಡಬೀದಿಯೇ ಚಿಕ್ಕಪೇಟೆ. ಉದ್ದಬೀದಿಯು ದೊಡ್ಡಪೇಟೆ, ಎಂದರೆ ಈಗಿನ ಅವೆನ್ಯೂ ರಸ್ತೆ. ಸುತ್ತಲಿನ ಹೆಸರುಗಳನ್ನು ಕೇಳಿದರೇ ಸಾಕು, ಯಾರು ಎಲ್ಲಿ ಏನನ್ನು ಮಾರುತ್ತಿದ್ದರೆಂಬುದು ತಿಳಿಯುತ್ತದೆ: ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಹತ್ತಿಯವರ ಅರಳೇಪೇಟೆ. ಹೆಸರಿಗೂ ಸರಕಿಗೂ ಇದ್ದ ನಂಟು ಕೆಲವೆಡೆ ಕಳಚಿದ್ದರೂ ಅರಿವೆಯ ವ್ಯಾಪಾರವು ಇಲ್ಲಿಂದ ಕದಲಿಲ್ಲ.

ನಾನು ಬೇಗನೆ ಬಂದಿದ್ದೆನು; ಅಂಗಡಿಗಳ ಬಾಗಿಲುಗಳು ಇನ್ನೂ ಅರೆಮುಚ್ಚಿದ್ದವು. ಹಮಾಲರು ತಲೆಯ ಮೇಲೆ ಅರಿವೆಯ ಹೊರೆಗಳನ್ನು ಹೊತ್ತು 'ದಾರಿ, ದಾರಿ' ಎನ್ನುತ್ತ ಓಡುತ್ತಿದ್ದರು. ಕೈಗಾಡಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡು, ಅದರ ಹಿಂದೆ ಹತ್ತು ಮೋಟಾರು ಸೈಕಲ್ಲುಗಳು ಕೂಗುತ್ತಿದ್ದವು. ತಲೆಯೆತ್ತಿ ನೋಡಿದರೆ ಆಕಾಶಕ್ಕಿಂತ ವಿದ್ಯುತ್ತಂತಿಗಳೇ ಹೆಚ್ಚು. ಇಂತಹ ಗಲಿಬಿಲಿಯಲ್ಲಿ ಒಂದು ಸೂಜಿಯನ್ನು ಕೇಳಿದರೂ ಎಲ್ಲರಿಗೂ ಅದು ದೊರೆಯುವ ಸಂದು ಯಾವುದೆಂದು ತಿಳಿದಿರುತ್ತದೆ. ಪೇಟೆಯ ಬೆರಗೇ ಅದು. ಕಾಫಿ ಮಾರುವವನು ನನ್ನನ್ನು ಮಾಮೂಲುಪೇಟೆಯ ಕಡೆಗೆ ತಿರುಗಿಸಿದನು.

ಅಲ್ಲಿ ಅಂಗಡಿಯೆಂದರೆ ಆರಡಿಯ ಗೂಡು. ಮೂರು ಗೋಡೆಗಳಲ್ಲಿಯೂ ನೆಲದಿಂದ ಸೂರಿನವರೆಗೆ ದಾರದ ಉರುಳೆಗಳು. ಹಣ್ಣುಹಣ್ಣಾದ ಮುದುಕರೊಬ್ಬರು ನಡುವೆ ಕುಳಿತಿದ್ದರು. ನಾನು ಮಾತಿಲ್ಲದೆ ಕೆಟ್ಟ ಚೌಕವನ್ನು ಮುಂದಿಟ್ಟೆನು. ಅವರು ನವಿಲನ್ನು ನೋಡಲೇ ಇಲ್ಲ. ತುಂಡನ್ನು ಮಗುಚಿ ಬೆನ್ನನ್ನು ನೋಡಿದರು. ಅಡಿಹಾಸು ಸೂಜಿಯ ಹೊಡೆತದಿಂದ ಅಂಚೆಚೀಟಿಯ ಅಂಚಿನಂತೆ ತೂತುತೂತಾಗಿ, ಹೊಲಿಗೆಯ ನಡುವೆಯೇ ಹರಿದುಹೋಗಿತ್ತು. "ಅರ್ಧ ದಾರಿಯಲ್ಲಿ ಕೈಬಿಟ್ಟಿದೆ, ತಾಯಿ" ಎಂದರು.

ಅವರು ತಿಳಿಸಿದುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಯಂತ್ರದ ಪ್ರತಿಯೊಂದು ಹೊಲಿಗೆಯೂ ಬಟ್ಟೆಯನ್ನು ಕೂದಲೆಳೆಯಷ್ಟು ತನ್ನೆಡೆಗೆ ಸೆಳೆಯುತ್ತದೆ. ತುಂಬಿದ ಚಿತ್ರದಲ್ಲಿ ಹೊಲಿಗೆಗಳು ಸಾವಿರಾರು. ಕೂದಲೆಳೆಗಳು ಕೂಡಿ ಸುಕ್ಕಾಗುತ್ತವೆ. ನಮ್ಮ ಹಳೆಯ ಕೈಗೌದಿಯಲ್ಲಿ ಈ ಕಷ್ಟವಿಲ್ಲ. ಅಲ್ಲಿ ನಾಲ್ಕೈದು ಪದರ ಸೀರೆಗಳು ಒಂದರ ಮೇಲೊಂದು ಮಲಗಿರುತ್ತವೆ, ಒಂದು ಪದರಕ್ಕೆ ಇನ್ನೊಂದು ಆಧಾರ, ಹೊಲಿಗೆಯೂ ವಿರಳ. ಯಂತ್ರದ ಚೌಕದಲ್ಲಾದರೋ ಒಂಟಿ ಪದರಕ್ಕೆ ಆಧಾರವನ್ನು ನಾವೇ ಒದಗಿಸಬೇಕು. ಅದನ್ನೇ ಈಗಿನವರು ಸ್ಟೆಬಿಲೈಜರ್ ಎನ್ನುವರು. ಮುದುಕರು 'ಅಡಿಹಾಳೆ' ಎಂದರು.

ಹರಿದು ತೆಗೆಯುವ ಹಾಳೆಯೊಂದು. ಅದು ರೇಖೆಯ ಚಿತ್ರಗಳಿಗೆ ಸಾಕು. ಕಸೂತಿಯ ಗೋಪುರಕ್ಕಾಗಲಿ ರಥಕ್ಕಾಗಲಿ ಹೊಲಿಗೆಗಳು ಕಡಿಮೆ, ಸೆಳೆತವೂ ಕಡಿಮೆ. ಕೆಲಸ ಮುಗಿದ ಮೇಲೆ ಹೊಲಿಗೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಹಾಳೆಯನ್ನು ಪಕ್ಕಕ್ಕೆ ಮೆಲ್ಲನೆ ಹರಿಯಬೇಕು. ಮೇಲಕ್ಕೆ ಜಗ್ಗಿದರೆ ದಾರ ಸಡಿಲುವುದು. ತುಂಬಿದ ಚಿತ್ರಕ್ಕೆ ಹರಿಯದ ಹಾಳೆ ಬೇಕು. ಅದನ್ನು ಹೊಲಿಗೆಯ ಸುತ್ತ ಕಾಲಂಗುಲ ಬಿಟ್ಟು ಕತ್ತರಿಸುತ್ತಾರೆ. ಉಳಿದುದು ಚಿತ್ರದ ಬೆನ್ನಿಗೆ ಜೀವವಿರುವವರೆಗೂ ಇರುತ್ತದೆ. ದಪ್ಪನಾದುದನ್ನು ಹಾಕಿದರೆ ಕೌದಿಯು ರಟ್ಟಿನಂತಾಗಿ ಕೂಸಿಗೆ ಒತ್ತುವುದೆಂದು ನಾನು ಅಂಜಿದಾಗ, ಅವರು ಸೊಳ್ಳೆಪರದೆಯಂತಹ ತೆಳುಜಾಲಿಯೊಂದನ್ನು ಹೊರಗೆಳೆದರು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅದು ಮಲ್ಲಿನಂತೆ ಅರಳಿತು. ಎರಡು ಕಡೆ ಹಿಡಿದು ಜಗ್ಗಿದರೆ ಬಗ್ಗಲಿಲ್ಲ.

ಮೂರನೆಯದೊಂದು ನೀರಿನಲ್ಲಿ ಕರಗುವ ಹಾಳೆ. ಅದನ್ನು ಕಂಡು ನನಗೆ ಬಹಳ ಆಸೆಯಾಯಿತು. ತೊಳೆದರೆ ಏನೂ ಉಳಿಯದೆ ಬರಿಯ ಹೊಲಿಗೆ ನಿಲ್ಲುವುದೆಂದರೆ ಯಾರಿಗೆ ಆಸೆಯಾಗದು? ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ಪ್ರಾಂತವು ಯಂತ್ರಕಸೂತಿಯ ತವರುಗಳಲ್ಲೊಂದು. ೧೮೬೩ರಲ್ಲಿ ಐಸಾಕ್ ಗ್ರೋಬ್ಲಿಯು ಶಿಫ್ಲಿ ಯಂತ್ರವನ್ನು ಕಲ್ಪಿಸಿದ್ದು ಆ ಸೀಮೆಯಲ್ಲಿಯೇ. ಅಲ್ಲಿನವರು ೧೮೮೦ರ ದಶಕದಲ್ಲಿ ರೇಶ್ಮೆಯ ನೆಲದ ಮೇಲೆ ಹತ್ತಿದಾರದಿಂದ ಕಸೂತಿ ಹಾಕಿ, ಬಳಿಕ ನೆಲವನ್ನೇ ಔಷಧದ್ರವದಲ್ಲಿ ಕರಗಿಸಿ ಲೇಸು ಮಾಡುತ್ತಿದ್ದರು. ಈ ಹಾಳೆಯು ಅದೇ ಉಪಾಯದ ಮೊಮ್ಮಗಳು. ಆದರೆ ಅದು ಲೇಸಿಗೂ ಟವೆಲಿನ ಎದ್ದ ಎಳೆಗಳ ಮೇಲೆ ಹಾಸುವುದಕ್ಕೂ ತಕ್ಕುದು. ಭಾರದ ನವಿಲನ್ನು ಹೊರಲಾರದು ಎಂದರು. ಮತ್ತೂ ಒಂದು ಮಾತಿತ್ತು. ಅವರು ತಮ್ಮ ಬಿಳಿಯ ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಅವ್ವನ ಸೀರೆಯ ಮೂಲೆಗೆ ಒತ್ತಿದರು. ಕರವಸ್ತ್ರಕ್ಕೆ ಎಳೆಗೆಂಪು ಹತ್ತಿತು. ವರ್ಷಕ್ಕೆ ಒಂದೆರಡು ಸಲ ಮಾತ್ರ ಉಟ್ಟು ಮಡಿಸಿಟ್ಟ ಸೀರೆ. ಅದರ ಬಣ್ಣ ಇನ್ನೂ ಬಿಡುತ್ತಿತ್ತು. ಕೌದಿಯಾದ ಮೇಲೆ ಮೊದಲ ಒಗೆತಕ್ಕೇ ನಡುವಿನ ಬಿಳಿಯ ಪಟ್ಟಿಗಳೆಲ್ಲ ಕೆಂಪಾಗುತ್ತಿದ್ದವು! ಕತ್ತರಿಸುವುದಕ್ಕೆ ಮೊದಲು ತಣ್ಣೀರಿನಲ್ಲಿ, ಬಣ್ಣ ಬಿಡುವುದು ನಿಲ್ಲುವವರೆಗೆ, ಮತ್ತೆ ಮತ್ತೆ ಜಾಲಿಸಬೇಕೆಂದು ಹೇಳಿದರು. ಈ ಒಂದು ಮಾತಿಗಾಗಿಯೇ ರೈಲಿನ ಖರ್ಚು ಸಾರ್ಥಕವೆಂದುಕೊಂಡೆನು.

ದಾರದ ಸರದಿ ಬಂದಿತು. ಇಲ್ಲಿ ನಾನು ಸ್ವಲ್ಪ ಹಟ ಮಾಡಿದೆನೆಂದು ಒಪ್ಪಿಕೊಳ್ಳಬೇಕು. ರೇಯಾನಿನ ಹೊಳಪು ರೇಶ್ಮೆಯನ್ನೇ ಹೋಲುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ನವಿಲುಗರಿಯ ಹಸಿರು ನೀಲಿಗಳು ಕಣ್ಣು ಕುಕ್ಕುತ್ತಿದ್ದವು. ಆದರೆ ರೇಯಾನು ಒದ್ದೆಯಾದಾಗ ಬಲಗುಂದುತ್ತದೆ; ಚಲುವೆಯ ಪುಡಿಯನ್ನೂ ಸಹಿಸದು. ಕೂಸಿನ ಹಾಸಿಗೆಯ ಅರಿವೆಗೆ ಒಗೆತವು ತಪ್ಪದು. ಆದುದರಿಂದ ನವಿಲಿಗೆ ೪೦ರ ಅಂಕದ ಪಾಲಿಯೆಸ್ಟರ್ ದಾರವನ್ನೇ ತೆಗೆದುಕೊಂಡೆನು. ಬಣ್ಣವೂ ಗಟ್ಟಿ, ಎಳೆಯೂ ಗಟ್ಟಿ. ಜರಿದಾರವನ್ನು ಎರಡು ಸಲ ಕೈಯಲ್ಲಿ ಹಿಡಿದು ಎರಡು ಸಲವೂ ಕೆಳಗಿಟ್ಟೆನು, ಕೂಸಿನ ಕೆನ್ನೆಗೆ ತರಚೀತೆಂದು. ರೇಖೆಯ ಚಿತ್ರಗಳಿಗೆ ಮಾತ್ರ ಹೊಳಪು ಬೇಡವೆನಿಸಿತು. ಹಳೆಯ ಸೀರೆಯ ಮೇಲೆ ಹೊಳೆಯುವ ಗೋಪುರವು ಎರವಲು ಒಡವೆಯಂತೆ ಕಾಣುವುದೆಂದು ನನ್ನ ಅಭಿಪ್ರಾಯ. ೫೦ರ ಅಂಕದ ಹತ್ತಿದಾರವನ್ನು ಕೇಳಿದೆನು. ಅಂಕವು ಹೆಚ್ಚಿದಷ್ಟೂ ದಾರ ತೆಳು. ಹತ್ತಿಯು ನಾರು ಉದುರಿಸುತ್ತದೆ, ವೇಗಕ್ಕೆ ಕಡಿಯುತ್ತದೆ, ಯಂತ್ರವನ್ನು ನಿಧಾನಿಸಿರೆಂದು ಮುದುಕರು ಎಚ್ಚರಿಸಿದರು. ಕೆಳಗಿನ ಬಾಬಿನಿಗೆ ೬೦ರ ತೆಳುದಾರ ಸಾಕು. ದಪ್ಪವಾದರೆ ಬೆನ್ನು ಒರಟಾಗುತ್ತದೆ.

ಬಣ್ಣವನ್ನು ಆರಿಸುವಾಗ ಅವರು ನನ್ನನ್ನು ಗೂಡಿನಿಂದ ಬೀದಿಗೆ ಕಳುಹಿಸಿದರು. ದೀಪದ ಬೆಳಕನ್ನು ನಂಬಬಾರದಂತೆ. ಉರುಳೆಯ ಮೇಲೆ ಒತ್ತಾಗಿ ಸುತ್ತಿದ ದಾರವು ಗಾಢವಾಗಿ ಕಾಣುತ್ತದೆ; ಒಂದೇ ಎಳೆಯನ್ನು ಬಿಚ್ಚಿ ಬಟ್ಟೆಯ ಮೇಲೆ ಇಟ್ಟರೆ ನಿಜವಾದ ಬಣ್ಣವು ಗೋಚರಿಸುತ್ತದೆ. ಹಮಾಲರೂ ಮೋಟಾರುಗಳೂ ನನ್ನನ್ನು ಬಳಸಿಕೊಂಡು ಹೋಗುತ್ತಿರಲು, ಬೀದಿಯ ನಡುವೆ ಅವ್ವನ ಸೀರೆಯನ್ನು ಅಂಗೈಯಲ್ಲಿ ಹರವಿ ಎಳೆ ಎಳೆಯಾಗಿ ನೀಲಿಯನ್ನು ನೋಡಿದೆನು. ಯಾರೂ ಬೈಯಲಿಲ್ಲ. ಬಹುಶಃ ಆ ಸಂದಿನಲ್ಲಿ ದಿನವೂ ಯಾರಾದರೊಬ್ಬರು ಹಾಗೆ ನಿಂತಿರುತ್ತಾರೆ.

ಊರಿಗೆ ಹಿಂದಿರುಗಿದವಳು ಅವಸರಪಡಲಿಲ್ಲ. ಸೀರೆಯನ್ನು ಏಳು ಸಲ ಜಾಲಿಸಿದ ಮೇಲೆ ನೀರು ತಿಳಿಯಾಯಿತು. ನೆರಳಿನಲ್ಲಿ ಒಣಗಿಸಿ, ಸವೆದ ಬಟ್ಟೆಗೆ ಬಲ ಬರಲೆಂದು ಬೆನ್ನಿಗೆ ತೆಳುವಾದ ಅಂಟರಿವೆಯೊಂದನ್ನು ಇಸ್ತ್ರಿಯಿಂದ ಅಂಟಿಸಿದೆನು. ಮೊದಲು ಮಾಡಿದ ಇನ್ನೊಂದು ತಪ್ಪು ಇಲ್ಲಿ ಹೊಳೆಯಿತು: ಚೌಕವನ್ನು ಅಳತೆಗೆ ಸರಿಯಾಗಿ ಕತ್ತರಿಸಿಬಿಟ್ಟಿದ್ದೆನು. ಈಗ ಎಂಟೂವರೆ ಅಂಗುಲ ಬೇಕಾದಲ್ಲಿ ಹತ್ತಂಗುಲವಾಗಿ ಕತ್ತರಿಸಿದೆನು. ಕಸೂತಿ ಮುಗಿದು ಇಸ್ತ್ರಿಯಾದ ಮೇಲೆಯೇ ಅಳತೆಗೆ ತರುವುದು. ಇದರಿಂದ ಬಟ್ಟೆಯ ಲೆಕ್ಕ ಕೆಟ್ಟು, ಹನ್ನೆರಡು ಚೌಕಗಳು ಒಂಬತ್ತಾದವು. ಪಲ್ಲಕ್ಕಿಯನ್ನೂ ಇನ್ನೆರಡನ್ನೂ ಕೈಬಿಡಬೇಕಾಯಿತು. ತಂಗಿಗೆ ಪಲ್ಲಕ್ಕಿಯ ಮೇಲೆಯೇ ಪ್ರೀತಿ.

ಅವ್ವನ ಸೀರೆಗೆ ಕೈಹಚ್ಚುವ ಮೊದಲು ಹಳೆಯ ಧೋತರದ ತುಂಡಿನ ಮೇಲೆ ನವಿಲನ್ನು ಎರಡು ಸಲ ಹಾಕಿ ನೋಡಿದೆನು. ಹೊಲಿಗೆಯ ಸಾಲುಗಳ ಅಂತರವು ೦.೪ ಮಿಲಿಮೀಟರು ಇದ್ದುದನ್ನು ೦.೫ಕ್ಕೆ ಸಡಿಲಿಸಿದ ಮೇಲೆ ಬಟ್ಟೆಯು ಉಸಿರಾಡಿತು. ೭೫ರ ಹೊಸ ಸೂಜಿ, ಚೌಕಟ್ಟಿನಲ್ಲಿ ಬಟ್ಟೆ ಜಾಲಿಗಳೆರಡೂ ಬಿಗಿಯಾಗಿ, ಆದರೆ ಎಳೆದಾಡದೆ. ಬಳಿಕ ಗುಂಡಿಯನ್ನೊತ್ತಿ ಕುಳಿತೆನು. ಯಂತ್ರವು ತನ್ನಷ್ಟಕ್ಕೆ ಹೊಲಿಯುತ್ತದೆಂದು ಹೇಳಿದರೂ ಆ ನಲವತ್ತು ನಿಮಿಷ ನಾನು ಎದ್ದು ಹೋಗಲಿಲ್ಲ.

ದಪ್ಪ ಟವೆಲಿನ ಮೇಲೆ ನವಿಲನ್ನು ಬೋರಲಾಗಿ ಮಲಗಿಸಿ ಬೆನ್ನಿನಿಂದ ಇಸ್ತ್ರಿ ಮಾಡಿದೆನು. ಚೌಕವು ಸಮನಾಗಿ ಮಲಗಿತು. ಸಂಜೆ ತಂಗಿಯು ಬಂದಳು. ಮುಂಭಾಗವನ್ನು ಒಂದು ಕ್ಷಣ ನೋಡಿ, ನಾನು ತಡೆಯುವಷ್ಟರಲ್ಲಿಯೇ ತುಂಡನ್ನು ಮಗುಚಿ, ಜಾಲಿಯನ್ನೂ ಬಾಬಿನಿನ ಬಿಳಿಯ ದಾರವನ್ನೂ ದಿಟ್ಟಿಸಿದಳು. "ಅವ್ವ ಇದ್ದಿದ್ದರೆ ಮೊದಲು ಇದನ್ನೇ ನೋಡುತ್ತಿದ್ದಳು" ಎಂದಳು. ಹೌದೆಂದೆನು. ಆಮೇಲೆ ಇಬ್ಬರೂ ಕೂಡಿ ಜಾಲಿಯ ಅಂಚನ್ನು ಕತ್ತರಿಸಲು ಕುಳಿತೆವು.